ಯಕೃತ್ತಿನ ಕಾಯಿಲೆಯನ್ನು ಮುಚ್ಚಿಡಬೇಡಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ನಿವೃತ್ತ ಶಿಕ್ಷಕ. ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಐದು ವರ್ಷಗಳ ಹಿಂದೆ ಕಾಲು ಊದಿ, ಹೊಟ್ಟೆಯಲ್ಲಿ ನೀರು ತುಂಬಿತು. ಸ್ಕ್ಯಾನಿಂಗ್ ಮಾಡಿಸಿದಾಗ ಲಿವರ್ ಸಿರೋಸಿಸ್ ಎಂದರು. ಮೆತ್ತಗಿರಬೇಕಾದ ಯಕೃತ್ತು ಗಾಯದ ಕಲೆಗಳಿಂದ ಗಟ್ಟಿಯಾಗಿ, ಗಂಟುಗಂಟಾಗುವುದೇ ಈ ಕಾಯಿಲೆ. ಅಂದು ನನ್ನನ್ನು ಹೆಚ್ಚು ಕಾಡಿದ್ದು ಕಾಯಿಲೆಯಲ್ಲ, ನಾಚಿಕೆ. ನಾನು ಒಮ್ಮೆಯೂ ಮದ್ಯ ಮುಟ್ಟಿದವನಲ್ಲ. ಆದರೂ ಮೊಹಲ್ಲಾದವರು ಏನೆಂದುಕೊಂಡಾರೋ ಎಂದು ಆರು ತಿಂಗಳು "ಗ್ಯಾಸ್ ತೊಂದರೆ" ಎಂದೇ ಹೇಳಿಕೊಂಡು ತಿರುಗಿದೆ.

ಮದ್ಯ ಒಂದು ಕಾರಣ ಮಾತ್ರ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳಿಂದಲೂ ಇದು ಬರುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇರುವವರ ಯಕೃತ್ತಿನಲ್ಲಿ ಕೊಬ್ಬು ಸೇರಿ, ನೋವೇ ಇಲ್ಲದೆ ವರ್ಷಗಟ್ಟಲೆ ಹಾನಿಯಾಗಿಯೂ ಬರುತ್ತದೆ. ನನ್ನದು ಹೀಗೆ ಬಂದದ್ದು. ಆದ್ದರಿಂದಲೇ ಕೇಂದ್ರ ಸರ್ಕಾರ 2021ರಲ್ಲಿ ಮದ್ಯದಿಂದ ಬಾರದ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಹೆಪಟೈಟಿಸ್ ಬಿ, ಸಿ ಕಾಯಿಲೆಗಳಿಗೆ ಉಚಿತ ಪರೀಕ್ಷೆ, ಔಷಧಿ ನೀಡುವ ರಾಷ್ಟ್ರೀಯ ಕಾರ್ಯಕ್ರಮ 2018ರಲ್ಲಿ ಆರಂಭವಾಯಿತು. ಮನೆಬಾಗಿಲಿಗೆ ಬಂದು ಸಕ್ಕರೆ, ರಕ್ತದೊತ್ತಡ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಆರಂಭವಾದದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ. ಬಾಗಿಲಿಗೆ ಬಂದವರ ಮುಂದೆ ನಾವೇ ಮುಚ್ಚಿಟ್ಟರೆ ಏನು ಪ್ರಯೋಜನ? ಇನ್ನು, ಕುಡಿತದಿಂದಲೇ ಬಂದಿದ್ದರೂ ಅವನು ರೋಗಿಯೇ. ಅವನಿಗೂ ಆರೈಕೆ ಬೇಕು.

ಎರಡನೆಯ ಮಾತು ಊಟದ್ದು. ಸಕ್ಕರೆಗೆ ಹೆದರಿ ಮನೆಯವರು ಅನ್ನ ಕಡಿಮೆ ಮಾಡಿದರು. ಲಿವರ್‌ಗೆ ಹೆದರಿ ಬೇಳೆ, ಮೊಟ್ಟೆ ನಿಲ್ಲಿಸಿದರು. ನನ್ನ ತೋಳು ಸೊರಗಿಹೋಯಿತು. ಆಗ ವೈದ್ಯರು ತಿಳಿಸಿ ಹೇಳಿದರು: ಆರೋಗ್ಯವಂತ ಯಕೃತ್ತು ರಾತ್ರಿಗೆಂದು ಸಕ್ಕರೆ ಕೂಡಿಡುತ್ತದೆ, ಕೆಟ್ಟ ಯಕೃತ್ತಿಗೆ ಆ ಶಕ್ತಿ ಕಡಿಮೆ, ಹೊಟ್ಟೆ ಬಹಳ ಹೊತ್ತು ಖಾಲಿ ಇದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಈಗ ಸ್ವಲ್ಪಸ್ವಲ್ಪವಾಗಿ ಐದಾರು ಬಾರಿ ತಿನ್ನುತ್ತೇನೆ. ಸಣ್ಣ ರಾಗಿ ಮುದ್ದೆ, ಬೇಳೆ ಸೊಪ್ಪಿನ ಸಾರು, ಮೊಟ್ಟೆ, ಮಲಗುವ ಮುನ್ನ ಒಂದು ಚಪಾತಿ ಮತ್ತು ಹಾಲು. ಉಪ್ಪು ದಿನಕ್ಕೆ ಒಂದು ಟೀ ಚಮಚೆಯೊಳಗೆ. ಉಪ್ಪಿನಕಾಯಿ, ಹಪ್ಪಳ ಇಲ್ಲ. ಶ್ರೀನಿವಾಸಪುರದ ಮಾವು ಬಂದರೆ ಎರಡು ಹೋಳು, ಅಷ್ಟೇ.

ರಂಜಾನ್ ಬಂದಾಗ ಉಪವಾಸ ಬಿಡಲು ಮನಸ್ಸು ಒಪ್ಪಲಿಲ್ಲ. ಆದರೆ ರೋಗಿಗೆ ವಿನಾಯಿತಿ ಕೊಟ್ಟಿರುವುದು ನಮ್ಮ ಧರ್ಮವೇ. ವೈದ್ಯರನ್ನೂ ಆಲಿಮರನ್ನೂ ಕೇಳಿ ಈಗ ಫಿದ್ಯಾ ಕೊಡುತ್ತೇನೆ.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ಸಕ್ಕರೆಗೆ ಒಬ್ಬರು, ಲಿವರ್‌ಗೆ ಒಬ್ಬರು ವೈದ್ಯರು. ಮಾತ್ರೆಗಳೆಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರಿಗೂ ತೋರಿಸಿ. ಮಂಡಿನೋವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಡಬೇಡಿ. ಅದು ಮೂತ್ರಪಿಂಡ ಕೆಡಿಸಬಹುದು, ರಕ್ತಸ್ರಾವ ತರಬಹುದು. ಹೆಸರಿಲ್ಲದ ಪುಡಿ, ಲೇಹ್ಯವೂ ಬೇಡ. ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಒಂದು ದಿನ ನಾನು ಹಗಲೆಲ್ಲ ತೂಕಡಿಸುತ್ತ, ತಡವರಿಸಿ ಮಾತಾಡುತ್ತಿದ್ದೆ. ಮನೆಯವರು ಸುಸ್ತು ಎಂದುಕೊಂಡರು. ಪಿ.ಯು.ಸಿ. ಓದುವ ಮೊಮ್ಮಗಳು ಮಾತ್ರ, "ದಾದಾ, ಮೊದಲು ಶುಗರ್ ನೋಡೋಣ" ಎಂದು ಗ್ಲೂಕೋಮೀಟರ್ ತಂದಳು. ಶುಗರ್ ಇಳಿದಿರಲಿಲ್ಲ. ಹಾಗಾದರೆ ಇದು ಲಿವರ್‌ನಿಂದ ಮೆದುಳಿಗೆ ಆದ ತೊಂದರೆ ಎಂದು ಹಟ ಹಿಡಿದು ಆಸ್ಪತ್ರೆಗೆ ಸೇರಿಸಿದಳು. ಮಲಬದ್ಧತೆಯಿಂದ ಹಾಗಾಗಿತ್ತು. ನಾನು ಕಾಯಿಲೆ ಮುಚ್ಚಿಟ್ಟಿದ್ದರೆ ಅವಳಿಗೆ ಅದು ಹೊಳೆಯುತ್ತಲೇ ಇರಲಿಲ್ಲ. ಇಂದು ನಿಮ್ಮ ಮುಂದೆ ನಿಂತಿರುವುದು ಹಾಗೆ.