ಜೈಲಿನಿಂದ ಮರಳಿದವರಿಗೆ ಊರಿನ ಬಾಗಿಲು



ಸುವರ್ಣ ಮಹೋತ್ಸವದ ದಿನ ಜೈಲಿನ ಮಾತೇಕೆ ಎನ್ನಬೇಡಿರಿ. ನಮ್ಮ ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯಿಂದಲೂ ಬೆಳಗಾವಿಯ ಹಿಂಡಲಗಾ ಕಾರಾಗೃಹಕ್ಕೆ ಹೋದವರಿದ್ದಾರೆ, ಶಿಕ್ಷೆ ಮುಗಿಸಿ ಮರಳಿದವರೂ ಇದ್ದಾರೆ. ನ್ಯಾಯಾಲಯ ಕೊಟ್ಟ ಶಿಕ್ಷೆಗೆ ಕೊನೆಯ ದಿನವಿರುತ್ತದೆ. ಊರು ಕೊಡುವ ಶಿಕ್ಷೆಗೆ ಮಾತ್ರ ಕೊನೆಯೇ ಇಲ್ಲ.

ನಮ್ಮ ಗಡಿಯಾಚೆ, ಸಾಂಗ್ಲಿ ಜಿಲ್ಲೆಯ ಆಟಪಾಡಿ ಬಳಿ ಸ್ವತಂತ್ರಪುರವಿದೆ. ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ ಅವರ ವಿಚಾರವನ್ನು ಒಪ್ಪಿ, ಔಂಧ ಸಂಸ್ಥಾನದ ರಾಜರು 1939ರಲ್ಲಿ ಅಲ್ಲಿ ಬಯಲು ಬಂದೀಖಾನೆ ಆರಂಭಿಸಿದರು. ಕೈದಿಗಳು ಹೆಂಡಿರು ಮಕ್ಕಳೊಡನೆ ಇದ್ದು ಹೊಲದಲ್ಲಿ ದುಡಿದರು. ವಿ. ಶಾಂತಾರಾಮ್ ಅವರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಆ ಪ್ರಯೋಗವೇ ಪ್ರೇರಣೆ. ದುಡಿಮೆ, ಕುಟುಂಬ, ನಂಬಿಕೆ, ಈ ಮೂರನ್ನೂ ಅವರು ಸೆರೆಯಲ್ಲಿದ್ದವರಿಗೇ ಕೊಟ್ಟರು. ನಾವು ಬಿಡುಗಡೆಯಾದವರಿಗೂ ಕೊಡಲು ಹಿಂಜರಿಯುತ್ತೇವೆ.

ನೊಂದ ಮನೆಯವರಿಗೆ ‘ಕ್ಷಮಿಸಿರಿ’ ಎನ್ನುವ ಹಕ್ಕು ನಮಗಿಲ್ಲ. ಆದರೆ ಕೆಲಸ ಸಿಗದವನು ಹಳೆಯ ದಾರಿ ಹಿಡಿದರೆ ಇನ್ನೊಂದು ಮನೆ ನೋಯುತ್ತದೆ. ಆದ್ದರಿಂದ ಕಬ್ಬು ಕಡಿಯುವ ಗ್ಯಾಂಗಿನಲ್ಲಿ, ನಿಪ್ಪಾಣಿಯ ತಂಬಾಕಿನ ಕೆಲಸದಲ್ಲಿ ಅವರನ್ನೂ ಕರೆಯಿರಿ, ಎಲ್ಲರಷ್ಟೇ ಕೂಲಿ ಕೊಡಿರಿ. ರೇಷನ್ ಕಾರ್ಡು, ಬ್ಯಾಂಕ್ ಖಾತೆಗೆ ಅಲೆಯುವಾಗ ಒಬ್ಬರಾದರೂ ಜೊತೆಗೆ ಹೋಗಿರಿ.

ಮಕ್ಕಳೆ, ನಿಮ್ಮ ಬೆಂಚಿನಲ್ಲಿ ಅಂಥವರ ಮಗು ಕುಳಿತಿದ್ದರೆ ಅಪ್ಪನ ವಿಷಯ ಕೆದಕಬೇಡಿರಿ. ಬಿಸಿಯೂಟಕ್ಕೆ ಪಕ್ಕದಲ್ಲಿ ಕೂಡ್ರಿಸಿಕೊಳ್ಳಿರಿ.

ಸರ್ಕಾರಿ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ. ಊರಿನ ಬಾಗಿಲೂ ಹಾಗೆಯೇ ಇರಲಿ.