ಪಲಾವಿನ ಎಲೆ ಮತ್ತು ಅದರ ಕಾಡಿನ ಬಳಗ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪಲಾವ್ ಉಣ್ಣುವವರೆಲ್ಲ ತಟ್ಟೆಯ ಅಂಚಿಗೆ ಸರಿಸಿಬಿಡುವ ಒಣ ಎಲೆಯೊಂದಿದೆ. ಅಂಗಡಿಯಲ್ಲಿ ಅದು ‘ಪಲಾವ್ ಎಲೆ’. ಪೊಟ್ಟಣದ ಮೇಲೆ ‘ಬೇ ಲೀಫ್’. ಈ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಬೇರೆ ಮರಗಳ ಎಲೆಗಳು ಮಾರಾಟವಾಗುತ್ತವೆ. ಅವೆರಡರ ಹತ್ತಿರದ ನೆಂಟನೊಂದು ಮಲೆನಾಡಿನ ಕಾಡಿನಲ್ಲಿಯೇ ನಿಂತಿದೆ.

ಮೊದಲನೆಯದು ಮೆಡಿಟರೇನಿಯನ್ ಕರಾವಳಿಯ ಲಾರೆಲ್, ಅಂದರೆ ಲಾರಸ್ ನೊಬಿಲಿಸ್. ಪ್ರಾಚೀನ ಗ್ರೀಕರಿಗೆ ಇದು ಅಪೊಲೊ ದೇವತೆಯ ಪವಿತ್ರ ಮರ; ಡೆಲ್ಫಿಯ ಕ್ರೀಡೆಗಳಲ್ಲಿ ಗೆದ್ದವರಿಗೆ ಇದರ ಎಲೆಯ ಕಿರೀಟವನ್ನು ತೊಡಿಸುತ್ತಿದ್ದರು. ಯುರೋಪಿನ ಅಡುಗೆಯಲ್ಲಿ ಬಹುಹೊತ್ತು ಕುದಿಯುವ ಸಾರುಗಳಿಗೆ ಒಂದೆರಡು ಎಲೆ ಹಾಕಿ, ಬಡಿಸುವ ಮೊದಲು ತೆಗೆದುಬಿಡುತ್ತಾರೆ. ಎಷ್ಟು ಬೆಂದರೂ ಎಲೆ ಮೆತ್ತಗಾಗದು. ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವುಂಟು. ಅಜೀರ್ಣ, ಹೊಟ್ಟೆಯುಬ್ಬರಗಳಿಗೆ ಎಲೆಯ ಕಷಾಯವನ್ನೂ, ಕೀಲುನೋವಿಗೆ ಕಾಯಿಯ ಎಣ್ಣೆಯನ್ನೂ ಅಲ್ಲಿನವರು ಬಳಸುತ್ತ ಬಂದಿದ್ದಾರೆ. ಸಿರಿಯಾ ದೇಶದ ಅಲೆಪ್ಪೊ ನಗರದಲ್ಲಿ ಆಲಿವ್ ಎಣ್ಣೆಗೆ ಇದೇ ಕಾಯಿಯ ಎಣ್ಣೆ ಬೆರೆಸಿ ಸಾಬೂನು ತಯಾರಿಸುತ್ತಾರೆ. ಆ ಕುಶಲಕಲೆಯನ್ನು ಯುನೆಸ್ಕೊ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರಡನೆಯದು ಹಿಮಾಲಯದ ತಪ್ಪಲಿನ ತೇಜಪತ್ರ, ಸಂಸ್ಕೃತದ ತಮಾಲಪತ್ರ. ಇದು ದಾಲ್ಚಿನ್ನಿಯ ಕುಲಕ್ಕೆ ಸೇರಿದ್ದು. ಭಾರತದ ಅಡುಗೆಮನೆಗಳಲ್ಲಿ ಹೆಚ್ಚಾಗಿ ಬೇಯುವುದು ಇದೇ ಎಲೆ. ಏಲಕ್ಕಿ, ದಾಲ್ಚಿನ್ನಿ ಚಕ್ಕೆ ಮತ್ತು ಈ ಎಲೆ ಸೇರಿದರೆ ಆಯುರ್ವೇದದ ‘ತ್ರಿಜಾತಕ’. ನಾಗಕೇಸರವೂ ಕೂಡಿದರೆ ‘ಚತುರ್ಜಾತಕ’.

ಎರಡನ್ನೂ ಗುರುತಿಸುವುದು ಸುಲಭ. ಲಾರೆಲ್ ಎಲೆಯಲ್ಲಿ ನಡುವೆ ಒಂದೇ ದಪ್ಪ ನರವಿದ್ದು, ಇಕ್ಕೆಲಗಳಿಗೆ ಸಣ್ಣ ನರಗಳು ಕವಲೊಡೆಯುತ್ತವೆ. ತೇಜಪತ್ರದಲ್ಲಿ ಬುಡದ ಬಳಿಯಿಂದ ತುದಿಯತ್ತ ಮೂರು ನರಗಳು ಉದ್ದಕ್ಕೆ ಸಾಗುತ್ತವೆ. ಮೊದಲನೆಯದರ ಪರಿಮಳದಲ್ಲಿ ನೀಲಗಿರಿ ಎಣ್ಣೆಯ ಛಾಯೆಯಿದ್ದರೆ, ಎರಡನೆಯದರಲ್ಲಿ ದಾಲ್ಚಿನ್ನಿ, ಲವಂಗಗಳ ಛಾಯೆಯಿರುತ್ತದೆ.

ಪಶ್ಚಿಮಘಟ್ಟದ ಕಾಡು ದಾಲ್ಚಿನ್ನಿ ಇದೇ ಮೂರು ನರದ ಬಳಗದ್ದು. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನೌಕಾಗ್ರಂಥ ‘ಪೆರಿಪ್ಲಸ್’, ಮಲಬಾರಿನ ಬಂದರುಗಳಿಂದ ಹಡಗೇರುತ್ತಿದ್ದ ‘ಮಲಬಾತ್ರಂ’ ಎಂಬ ಸುಗಂಧಪತ್ರವನ್ನು ಹೆಸರಿಸುತ್ತದೆ. ಆ ಹೆಸರೇ ಇಂದು ಕಾಡು ದಾಲ್ಚಿನ್ನಿಯ ಒಂದು ಪ್ರಭೇದದ ಸಸ್ಯಶಾಸ್ತ್ರೀಯ ಹೆಸರಿನಲ್ಲಿ ಉಳಿದಿದೆ. ಕೇರಳದಲ್ಲಿ ಅಕ್ಕಿಹಿಟ್ಟು, ಬೆಲ್ಲ ಕಲಸಿ ಇದರ ಹಸಿ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಎಲೆಯ ಘಮವೆಲ್ಲ ಕಡುಬಿಗೆ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂರು ನರ ಕಂಡ ಮಾತ್ರಕ್ಕೆ ಎಲೆಯನ್ನು ಕೊಯ್ಯಬಾರದು. ಕಾಸರಕದ ಎಲೆಯಲ್ಲಿಯೂ ಬುಡದಿಂದ ಮೂರರಿಂದ ಐದು ನರಗಳು ಹೊರಡುತ್ತವೆ. ಅದು ಘೋರ ವಿಷ. ಹೊಸಕಿದಾಗ ದಾಲ್ಚಿನ್ನಿಯ ಪರಿಮಳ ಬಾರದ ಎಲೆ ಅಡುಗೆಗೂ ಬೇಡ, ಕಷಾಯಕ್ಕೂ ಬೇಡ. ಪರಿಮಳವಿದ್ದರೂ ಗಿಡವನ್ನು ಬಲ್ಲ ಹಿರಿಯರಿಗೆ ತೋರಿಸಿದ ಮೇಲೆಯೇ ಬಳಸಬೇಕು. ಹಾಗೆಯೇ ಸಕ್ಕರೆ ಕಾಯಿಲೆಯವರು ಎಲೆಯ ಕಷಾಯವನ್ನು ನೆಚ್ಚಿ ವೈದ್ಯರು ಕೊಟ್ಟ ಔಷಧಿಯನ್ನು ಬಿಡುವುದು ಪ್ರಾಣಕ್ಕೆ ಎರವಾದೀತು.

ಈಗ ಕಾಡಿನ ಮಾತು. ಎಲೆಯನ್ನು ಹದವರಿತು ಕೊಯ್ದರೆ ಮರ ಮತ್ತೆ ಚಿಗುರುತ್ತದೆ. ತೊಗಟೆಯ ಕಥೆ ಬೇರೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಕಾಂಡದ ಸುತ್ತ ತೊಗಟೆ ಸುಲಿದರೆ ಬೇರು ಹಸಿದು ಮರ ನಿಂತಲ್ಲಿಯೇ ಸಾಯುತ್ತದೆ. ಅಗರಬತ್ತಿಯ ಅಂಟಿಗಾಗಿ ಸುಲಿಸಿಕೊಂಡ ಗುಳಮಾವು ಇದಕ್ಕೆ ಸಾಕ್ಷಿ. ಅದೂ ಲಾರೆಲ್ ಕುಟುಂಬದ್ದೇ. ಕಾಡು ದಾಲ್ಚಿನ್ನಿಯ ಎಳೆಕಾಯಿಗಳೂ ‘ಮೊಗ್ಗು’ ಎಂಬ ಹೆಸರಿನಲ್ಲಿ ಮಾರುಕಟ್ಟೆ ಸೇರುತ್ತವೆ. ಅವಸರಕ್ಕೆ ಕೊಂಬೆಯನ್ನೇ ಕಡಿದರೆ ಮುಂದಿನ ವರ್ಷದ ಫಸಲೂ ಹೋಯಿತು. ಕಾಯಿಯೆಲ್ಲವನ್ನೂ ಬಳಿದರೆ ಬೀಜವೂ ಇಲ್ಲ, ಹಣ್ಣು ತಿಂದು ಬೀಜ ಹರಡುವ ಹಕ್ಕಿಗಳಿಗೆ ಆಹಾರವೂ ಇಲ್ಲ.

ಕೊಯ್ಯುವ ಕೈಯನ್ನು ದೂರುವುದು ಸುಲಭ. ಆದರೆ ತಾನು ಬಿಟ್ಟ ಕಾಯಿಯನ್ನು ನಾಳೆ ಇನ್ನೊಬ್ಬ ಕೊಯ್ಯುತ್ತಾನೆಂಬ ಭಯವೇ ಬಡವನನ್ನು ಅವಸರಕ್ಕೆ ದೂಡುತ್ತದೆ. ಆ ಭಯಕ್ಕೆ ಮದ್ದು ಒಪ್ಪಂದ. 2006ರ ಅರಣ್ಯ ಹಕ್ಕು ಕಾಯಿದೆ, ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯ ಮಾಡಿದೆ. ಸಮುದಾಯದ ಅರಣ್ಯ ಸಂಪನ್ಮೂಲವನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ನೀಡಿದೆ. ಯಾವ ತಿಂಗಳು ಕೊಯ್ಲು, ಯಾವ ಮರ ಬೀಜಕ್ಕೆ ಮೀಸಲು, ಯಾವ ಕೊಂಬೆಗೆ ಕತ್ತಿ ಬೀಳಬಾರದು ಎಂಬುದನ್ನು ಊರೇ ಕುಳಿತು ತೀರ್ಮಾನಿಸಬಹುದು. ವಿದ್ಯಾರ್ಥಿಗಳು ಹಿರಿಯರೊಡನೆ ಕಾಡಿಗೆ ಹೋಗಿ ತಮ್ಮೂರಿನ ದಾಲ್ಚಿನ್ನಿ ಮರಗಳನ್ನು ಎಣಿಸಿ ಬರೆದಿಟ್ಟರೆ, ಆ ತೀರ್ಮಾನಕ್ಕೆ ಆಧಾರ ಸಿಕ್ಕಂತಾಗುತ್ತದೆ. ಹಿತ್ತಿಲಲ್ಲಿ ಒಂದು ಸಸಿ ನೆಟ್ಟರೆ ಮನೆಯ ಪಲಾವಿಗೆ ಕಾಡಿನ ಮರವನ್ನು ಮುಟ್ಟಬೇಕಾಗಿಯೂ ಇಲ್ಲ.

ತಟ್ಟೆಯ ಅಂಚಿಗೆ ಸರಿಸಿದ ಎಲೆಯನ್ನು ಮುಂದಿನ ಬಾರಿ ಬೆಳಕಿಗೆ ಹಿಡಿದು ಅದರ ನರಗಳನ್ನು ಎಣಿಸಿ ನೋಡಿ. ಮರದ ಪರಿಚಯವಾಗುವುದು ಅಲ್ಲಿಂದ. ಪರಿಚಯವಾದ ಮರವನ್ನು ಕಡಿಯಲು ಕೈ ಹಿಂಜರಿಯುತ್ತದೆ.