ವಾಪಸು ರೈಲು

ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ರಾತ್ರಿ ಹೊತ್ತು ಒಂದು ಸುತ್ತು ಹಾಕಿ ನೋಡಿ. ಹುಬ್ಬಳ್ಳಿ, ಬೆಳಗಾವಿ ಕಡೆಯ ರೈಲಿಗೆ ಕಾಯುವ ಕುಟುಂಬಗಳು ಪ್ಲಾಟ್‌ಫಾರ್ಮಿನಲ್ಲೇ ಚಾದರ ಹಾಸಿ ಕೂತಿರುತ್ತವೆ. ಬರುವಾಗ ಎರಡಿದ್ದ ಬ್ಯಾಗು ಈಗ ನಾಲ್ಕಾಗಿವೆ. ಒಂದರ ಜಿಪ್ಪು ಮುಚ್ಚುತ್ತಿಲ್ಲ. ಮಗನನ್ನು ಅದರ ಮೇಲೆ ಕೂರಿಸಿ ಅಪ್ಪ ಎಳೆಯುತ್ತಿದ್ದಾರೆ.

ಅವರ ಮಾತು ಕೇಳಬೇಕು. ಅಪ್ಪನಿಗೆ ವಿಧಾನಸೌಧ ತೋರಿಸಿದ ಸಮಾಧಾನ. ಲಾಲ್‌ಬಾಗಿನಲ್ಲಿ 1889ರ ಗಾಜಿನ ಮನೆ ತೋರಿಸಿ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯನ್ನೂ ಹತ್ತಿಸಿದ್ದಾರೆ. ಮಗಳಿಗೆ ನೆನಪಿರುವುದು ಮೆಟ್ರೊ ಗೇಟು. ಟೋಕನ್ ತಾಗಿಸಿದ್ದೇ ತಡ, ಅದು ತೆರೆದುಕೊಂಡಿತಂತೆ! ಅಜ್ಜಿಗೆ ಬಂಡೆಯೂ ಬೇಡ, ಗಾಜಿನ ಮನೆಯೂ ಬೇಡ. "ಮೆಟ್ರೊದಾಗ ಆ ಹುಡುಗಿ ತಾನs ಎದ್ದು ನನಗ ಜಾಗ ಕೊಟ್ಳು ನೋಡು" ಎಂದು ಮತ್ತೆ ಮತ್ತೆ ಹೇಳುತ್ತಾರೆ.

ಇಷ್ಟು ಖರ್ಚು ಮಾಡಿ ತೋರಿಸಿದ್ದೆಲ್ಲ ಎಲ್ಲಿ ಹೋಯಿತು ಎಂದು ಅಪ್ಪನಿಗೆ ಒಳಗೊಳಗೇ ಬೇಸರ. ಬೇಸರ ಬೇಡ ಸ್ವಾಮಿ. ಪಟ್ಟಿ ಮಾಡಿದ್ದು ನೀವು, ನೋಡಿದ್ದು ಅವರವರ ಕಣ್ಣು. ಒಂದೇ ಬಸ್ಸಿನಲ್ಲಿ ತಿರುಗಿದರೂ ಐದು ಜನ ಐದು ಬೆಂಗಳೂರು ನೋಡಿರುತ್ತಾರೆ. ಅವನ್ನೆಲ್ಲ ಒಟ್ಟಿಗೆ ಕೂಡಿಸಲು ಪುರುಸೊತ್ತು ಸಿಗುವುದೇ ಈ ವಾಪಸು ರೈಲಿನಲ್ಲಿ. ನಾವೋ, ಬರ್ತ್ ಸಿಕ್ಕ ಕೂಡಲೇ ಮೊಬೈಲ್ ಹಿಡಿದು ಫೋಟೊ ಅಳಿಸುತ್ತಾ ಕೂರುತ್ತೇವೆ.

ಬುತ್ತಿ ಬಿಚ್ಚಿದಾಗ ಒಬ್ಬೊಬ್ಬರನ್ನೇ ಕೇಳಿ, ನಿನಗೇನು ಹಿಡಿಸಿತು ಅಂತ. ಅಮ್ಮನನ್ನು ಮರೆಯಬೇಡಿ. ಪ್ರವಾಸದುದ್ದಕ್ಕೂ ಎಲ್ಲರ ಚಪ್ಪಲಿ, ನೀರಿನ ಬಾಟಲಿ ಎಣಿಸುತ್ತಿದ್ದ ಆಕೆ ಏನು ನೋಡಿದರೋ, ಯಾರೂ ಇನ್ನೂ ಕೇಳಿಲ್ಲ.